ವಿ. ಶಾಂತಾರಾಂ: ಕೊಲ್ಲಾಪುರದ ಜೈನ ಮನೆತನದಿಂದ ಬಂದ ಚಿತ್ರ ನಿರ್ದೇಶಕ

ವಿ. ಶಾಂತಾರಾಂ (1901–1990) ಅವರು ಭಾರತೀಯ ಚಲನಚಿತ್ರದ ಸ್ಟುಡಿಯೋ ಯುಗದ ಹಿರಿಯ ನಿರ್ದೇಶಕರು, ನಿರ್ಮಾಪಕರು ಮತ್ತು ನಟರು. ಪೂರ್ಣ ಹೆಸರು ಶಾಂತಾರಾಮ ರಾಜಾರಾಮ ವಣಕುದ್ರೆ. ಮೂಕಿ ಚಿತ್ರಗಳ ಕಾಲದಲ್ಲಿ ಕೆಲಸ ಆರಂಭಿಸಿ, ಮಾತಿನ ಚಿತ್ರ, ಬಣ್ಣದ ಚಿತ್ರಗಳ ಕಾಲವನ್ನೂ ಕಂಡು, ಸುಮಾರು ಅರವತ್ತು ವರ್ಷ ಮರಾಠಿ ಮತ್ತು ಹಿಂದಿಯಲ್ಲಿ ಚಿತ್ರಗಳನ್ನು ನಿರ್ದೇಶಿಸಿದರು. ಚಿತ್ರರಂಗದವರು ಅವರನ್ನು ಗೌರವದಿಂದ 'ಅಣ್ಣಾಸಾಹೇಬ' ಎಂದು ಕರೆಯುತ್ತಿದ್ದರು. 1985ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಪದ್ಮವಿಭೂಷಣ ಗೌರವ 1992ರಲ್ಲಿ ಮರಣೋತ್ತರವಾಗಿ ಬಂತು.

ಇಂದಿನ ತರುಣರಿಗೆ ಅವರ ಹೆಸರು ಹೆಚ್ಚೆಂದರೆ 'ದೋ ಆಂಖೇಂ ಬಾರಹ್ ಹಾಥ್' ಚಿತ್ರದಿಂದ ಗೊತ್ತಿರಬಹುದು. ಆದರೆ ಬಲಿ, ವರದಕ್ಷಿಣೆ, ಮುದುಕನಿಗೆ ಎಳೆಯ ಹುಡುಗಿಯನ್ನು ಕಟ್ಟುವುದು, ನೆರೆಹೊರೆಯ ಜಗಳ, ಅನ್ಯಾಯದ ವ್ಯಾಪಾರ ಮೊದಲಾದ ಮನೆಮನೆಯ ವಿಷಯಗಳನ್ನು ಮನರಂಜನೆಯ ಚಿತ್ರದೊಳಗೆ ತಂದು, ಟಿಕೆಟ್ ಕೊಂಡು ಬಂದ ಕುಟುಂಬಗಳ ಮುಂದೆ ಇಟ್ಟದ್ದು ಅವರ ದೊಡ್ಡ ಕೆಲಸ.

ಮನೆತನ ಮತ್ತು ಬಾಲ್ಯ

ಶಾಂತಾರಾಂ ಅವರು 1901ರ ನವೆಂಬರ್ 18ರಂದು ಕೊಲ್ಲಾಪುರದಲ್ಲಿ ಹುಟ್ಟಿದರು. ತಂದೆ ರಾಜಾರಾಮ ಅವರು ಜೈನರು. ತಾಯಿ ಕಮಲಾ ಅವರು ಹಿಂದೂ ಮನೆತನದವರು. ಅಂದಿನ ಕಾಲಕ್ಕೆ ಇಂಥ ಮದುವೆ ಅಪರೂಪದ್ದು. ಹೀಗಾಗಿ ಮಗನಿಗೆ ಎರಡೂ ಕಡೆಯ ಆಚಾರಗಳು ಮನೆಯೊಳಗೇ ಪರಿಚಯವಾದವು.

ಕೊಲ್ಲಾಪುರ ಮಹಾರಾಷ್ಟ್ರದಲ್ಲಿದ್ದರೂ ನಮ್ಮ ರಾಜ್ಯದ ಜೈನರಿಗೆ ದೂರದ ಊರಲ್ಲ. ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ ಭಾಗದ ಮನೆಗಳಿಗೆ ಇಂದಿಗೂ ಅದು ಬೀಗತನದ ಊರು, ವ್ಯಾಪಾರದ ಊರು, ಭಟ್ಟಾರಕರ ಮಠವಿರುವ ಊರು. ಶಾಹು ಮಹಾರಾಜರ ಆಶ್ರಯದಿಂದಾಗಿ ಆಗ ಅಲ್ಲಿ ನಾಟಕ, ಸಂಗೀತ, ಚಿತ್ರಕಲೆ, ಕುಸ್ತಿ ಎಲ್ಲವೂ ಬೆಳೆಯುತ್ತಿದ್ದವು.

ಹುಡುಗನ ಶಾಲೆಯ ಓದು ಹೆಚ್ಚು ದೂರ ಸಾಗಲಿಲ್ಲ. 1914ರ ಸುಮಾರಿಗೆ ಕೆಲಕಾಲ ಬಾಲ ಗಂಧರ್ವ ಅವರ ಗಂಧರ್ವ ನಾಟಕ ಮಂಡಳಿಯಲ್ಲಿ ಬಾಲನಟನಾಗಿದ್ದರು. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಬಾಲ ಗಂಧರ್ವರು 'ಧರ್ಮಾತ್ಮಾ' (1935) ಚಿತ್ರದಲ್ಲಿ ಸಂತ ಏಕನಾಥರ ಪಾತ್ರ ಮಾಡಿದಾಗ ನಿರ್ದೇಶಕರಾಗಿದ್ದವರು ಶಾಂತಾರಾಂ.

ಹುಬ್ಬಳ್ಳಿಯ ದಿನಗಳು

ಶಾಂತಾರಾಂ ಅವರ ಜೀವನದಲ್ಲಿ ಹುಬ್ಬಳ್ಳಿಗೆ ಒಂದು ಸ್ಥಾನವಿದೆ. ಹದಿಹರೆಯದಲ್ಲಿ ಅವರು ಹುಬ್ಬಳ್ಳಿಯಲ್ಲಿದ್ದು ರೈಲ್ವೆ ಕಾರ್ಯಾಗಾರದಲ್ಲಿ ಕೆಲಸ ಮಾಡಿದರು. ಹಗಲು ಯಂತ್ರಗಳ ನಡುವೆ ಕೈಕೆಲಸ. ಸಂಜೆ ತಗಡಿನ ಚಪ್ಪರದ ಒಂದು ಸಿನಿಮಾ ಮಂದಿರದಲ್ಲಿ ಬಾಗಿಲು ಕಾಯುವುದು ಮತ್ತು ಸಿಕ್ಕ ಇತರ ಚಿಲ್ಲರೆ ಕೆಲಸ. ಫೋಟೋ ತೆಗೆಯುವುದು ಮತ್ತು ಫಲಕ ಬರೆಯುವುದನ್ನೂ ಈ ವಯಸ್ಸಿನಲ್ಲೇ ಕಲಿತರು. ದಾದಾಸಾಹೇಬ್ ಫಾಲ್ಕೆ ಅವರ ಮೂಕಿ ಚಿತ್ರಗಳನ್ನು ಅವರು ನೋಡಿದ್ದು ಈ ಮಂದಿರದಲ್ಲೇ.

ಯಂತ್ರ ಬಿಚ್ಚಿ ಜೋಡಿಸುವ ಅಭ್ಯಾಸ ಅವರಿಗೆ ಮುಂದೆ ಬಹಳ ಉಪಯೋಗಕ್ಕೆ ಬಂತು. ಕ್ಯಾಮೆರಾ, ದೀಪ, ಸೆಟ್, ಸಂಕಲನ ಯಾವುದನ್ನೂ ಅವರು ಇನ್ನೊಬ್ಬರ ಮೇಲೆ ಪೂರ್ತಿ ಬಿಟ್ಟವರಲ್ಲ.

ಬಾಬುರಾವ್ ಪೇಂಟರ್ ಅವರ ಕಂಪನಿ

1920ರಲ್ಲಿ ಸಂಬಂಧಿಕರಾದ ಬಾಬುರಾವ್ ಪೆಂಢಾರಕರ್ ಅವರ ಮೂಲಕ ಶಾಂತಾರಾಂ ಅವರಿಗೆ ಕೊಲ್ಲಾಪುರದ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಈ ಕಂಪನಿಯ ಯಜಮಾನರು ಬಾಬುರಾವ್ ಪೇಂಟರ್. ಅವರು ಚಿತ್ರಕಾರರು, ಶಿಲ್ಪಿಗಳು. ವಿದೇಶದಿಂದ ತರಿಸುವ ಅನುಕೂಲವಿಲ್ಲದಾಗ ತಮ್ಮ ಕ್ಯಾಮೆರಾವನ್ನು ಕೊಲ್ಲಾಪುರದಲ್ಲೇ ಸಿದ್ಧಪಡಿಸಿಕೊಂಡವರು.

ಅಲ್ಲಿ ಕೆಲಸಕ್ಕೆ ಮೇಲು ಕೀಳು ಇರಲಿಲ್ಲ. ನೆಲ ಗುಡಿಸುವುದರಿಂದ ಹಿಡಿದು ಬಣ್ಣ ಬಳಿಯುವುದು, ಫಿಲ್ಮ್ ತೊಳೆಯುವುದು, ಪಾತ್ರ ಮಾಡುವುದು ಎಲ್ಲವನ್ನೂ ಎಲ್ಲರೂ ಮಾಡಬೇಕು. 'ಸುರೇಖಾ ಹರಣ' (1921) ಚಿತ್ರದಲ್ಲಿ ಶಾಂತಾರಾಂ ಕೃಷ್ಣನಾಗಿ ತೆರೆಗೆ ಬಂದರು.

1925ರ 'ಸಾವಕಾರಿ ಪಾಶ' ಈ ಕಂಪನಿಯ ಹೆಸರಾದ ಚಿತ್ರ. ಲೇವಾದೇವಿ ಮಾಡುವ ಸಾವಕಾರನ ಕೈಗೆ ಜಮೀನು ಕಳೆದುಕೊಂಡು, ಊರು ಬಿಟ್ಟು, ಗಿರಣಿ ಕೂಲಿಯಾಗುವ ರೈತನ ಕಥೆ. ಪುರಾಣದ ಚಿತ್ರಗಳೇ ಓಡುತ್ತಿದ್ದ ಆ ಕಾಲದಲ್ಲಿ ಊರಿನ ಬಡ್ಡಿ ಲೆಕ್ಕವನ್ನು ತೆರೆಯ ಮೇಲೆ ತೋರಿಸಿದ್ದು ಹೊಸದು. ಆ ಯುವ ರೈತನ ಪಾತ್ರ ಮಾಡಿದವರು ಶಾಂತಾರಾಂ. ಚಿತ್ರ ಹೀಗೂ ಇರಬಹುದು ಎಂಬ ಪಾಠ ಅವರಿಗೆ ಸಿಕ್ಕಿದ್ದು ಇಲ್ಲಿ. 1927ರ 'ನೇತಾಜಿ ಪಾಲಕರ್' ಅವರು ನಿರ್ದೇಶಿಸಿದ ಮೊದಲ ಚಿತ್ರ.

ಪ್ರಭಾತ್ ಕಂಪನಿಯ ಸ್ಥಾಪನೆ

1929ರ ಜೂನ್ 1ರಂದು ಶಾಂತಾರಾಂ, ವಿ. ಜಿ. ದಾಮ್ಲೆ, ಎಸ್. ಫತ್ತೆಲಾಲ್, ಕೆ. ಆರ್. ಧೈಬರ್ ಮತ್ತು ಎಸ್. ಬಿ. ಕುಲಕರ್ಣಿ ಸೇರಿ ಕೊಲ್ಲಾಪುರದಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಆರಂಭಿಸಿದರು. ಮೊದಲ ನಾಲ್ವರು ಪೇಂಟರ್ ಅವರ ಬಳಿ ಕೆಲಸ ಕಲಿತವರು. ಐದನೆಯವರಾದ ಕುಲಕರ್ಣಿ ಅವರು ಚಿನಿವಾರ ವ್ಯಾಪಾರಿ. ಬಂಡವಾಳ ಹಾಕಿದವರು ಅವರು. ಕಸಬು ಗೊತ್ತಿರುವವರ ದುಡಿಮೆ, ವ್ಯಾಪಾರಿಯ ಹಣ ಸೇರಿದ ಪಾಲುದಾರಿಕೆ ಅದು.

ಸ್ಟುಡಿಯೋ ಯುಗ ಎಂದರೆ ಏನೆಂದು ಇಂದಿನ ಓದುಗರಿಗೆ ತಿಳಿಸುವುದು ಅಗತ್ಯ. ಆಗ ನಟರು ಒಂದೊಂದು ಚಿತ್ರಕ್ಕೆ ಇಷ್ಟು ಎಂದು ಹಣ ಪಡೆಯುತ್ತಿರಲಿಲ್ಲ. ಕಂಪನಿಯಲ್ಲಿ ತಿಂಗಳ ಸಂಬಳಕ್ಕಿದ್ದರು. ಬಡಗಿ, ದರ್ಜಿ, ಗಾಯಕ, ಛಾಯಾಗ್ರಾಹಕ, ಬರಹಗಾರ ಎಲ್ಲರೂ ಒಂದೇ ಆವರಣದಲ್ಲಿ ಕೆಲಸ ಮಾಡುತ್ತಿದ್ದರು. ಮಾತಿನ ಚಿತ್ರಗಳು ಬಂದ ಮೇಲೆ ಅನೇಕ ಚಿತ್ರಗಳ ದೃಶ್ಯಗಳನ್ನು ಮರಾಠಿಗೆ ಒಮ್ಮೆ, ಹಿಂದಿಗೆ ಒಮ್ಮೆ, ಹೀಗೆ ಎರಡು ಸಲ ತೆಗೆಯುತ್ತಿದ್ದರು.

ಪ್ರಭಾತ್‌ನ ಆರಂಭದ ಮೂಕಿ ಚಿತ್ರಗಳಲ್ಲಿ ಶಿವಾಜಿ ಮಹಾರಾಜರ ಕುರಿತಾದ ಒಂದು ಚಿತ್ರವಿದೆ. ಹೆಸರಿನಲ್ಲಿ 'ಸ್ವರಾಜ್ಯ' ಎಂಬ ಪದವಿದ್ದುದರಿಂದ ಬ್ರಿಟಿಷ್ ಸೆನ್ಸಾರ್ ಆಕ್ಷೇಪಿಸಿತು. ಅದು 'ಉದಯಕಾಲ' (1930) ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಶಿವಾಜಿಯ ಪಾತ್ರ ಮಾಡಿದವರೂ ಶಾಂತಾರಾಂ ಅವರೇ. 'ಧರ್ಮಾತ್ಮಾ' ಚಿತ್ರಕ್ಕೆ ಮೊದಲು ಇಟ್ಟಿದ್ದ 'ಮಹಾತ್ಮಾ' ಎಂಬ ಹೆಸರೂ ಇದೇ ರೀತಿ ಬದಲಾಯಿತು.

1932ರಲ್ಲಿ ಬಂದ 'ಅಯೋಧ್ಯೇಚಾ ರಾಜಾ' ಮರಾಠಿಯ ಮೊದಲ ಮಾತಿನ ಚಿತ್ರ. ಗೋವಿಂದರಾವ್ ಟೆಂಬೆ ಹರಿಶ್ಚಂದ್ರನಾಗಿ, ದುರ್ಗಾ ಖೋಟೆ ತಾರಾಮತಿಯಾಗಿ ನಟಿಸಿದರು. ಮರುವರ್ಷ 'ಸೈರಂಧ್ರಿ' ಚಿತ್ರವನ್ನು ಬಣ್ಣದಲ್ಲಿ ತರಲು ಜರ್ಮನಿಯಲ್ಲಿ ಸಂಸ್ಕರಿಸಿದರೂ ಬಣ್ಣ ಬಯಸಿದಂತೆ ಬರಲಿಲ್ಲ. ಆದರೆ ಅಲ್ಲಿನ ಸ್ಟುಡಿಯೋಗಳಲ್ಲಿ ಕಂಡ ಬೆಳಕು, ಕ್ಯಾಮೆರಾ ಕೆಲಸ ಶಾಂತಾರಾಂ ಅವರ ಮುಂದಿನ ಚಿತ್ರಗಳಲ್ಲಿ ಕಾಣಿಸಿತು. 1933ರಲ್ಲಿ ಕಂಪನಿ ಕೊಲ್ಲಾಪುರ ಬಿಟ್ಟು ಪುಣೆಗೆ ಹೋಯಿತು.

ಅಮೃತ ಮಂಥನ: ಬಲಿಯ ಪ್ರಶ್ನೆ

ಪುಣೆಯ ಹೊಸ ಸ್ಟುಡಿಯೋದಲ್ಲಿ ತಯಾರಾದ ಮೊದಲ ಚಿತ್ರ 'ಅಮೃತ ಮಂಥನ' (1934). ಜೈನ ಓದುಗರು ವಿಶೇಷವಾಗಿ ತಿಳಿಯಬೇಕಾದ ಚಿತ್ರವಿದು. ಕ್ರಾಂತಿವರ್ಮನೆಂಬ ರಾಜ ತನ್ನ ರಾಜ್ಯದಲ್ಲಿ ದೇವಿಗೆ ಕೊಡುವ ನರಬಲಿ, ಪ್ರಾಣಿಬಲಿಗಳನ್ನು ನಿಷೇಧಿಸುತ್ತಾನೆ. ಅಧಿಕಾರ ಕೈತಪ್ಪುತ್ತದೆಂದು ರಾಜಗುರು ಅವನನ್ನು ಕೊಲ್ಲಿಸುತ್ತಾನೆ. ಧರ್ಮದ ಹೆಸರಿನಲ್ಲಿ ಹಿಂಸೆ ನಡೆಸುವವನು ಕೊನೆಗೆ ಏನಾಗುತ್ತಾನೆ ಎಂಬುದೇ ಕಥೆ.

ಜನ್ನನ 'ಯಶೋಧರ ಚರಿತೆ' ಓದಿದವರಿಗೆ, ಬಸದಿಯ ಪ್ರವಚನಗಳಲ್ಲಿ ಕೇಳಿದವರಿಗೆ ಈ ವಿಷಯ ಹೊಸದಲ್ಲ. ಅಲ್ಲಿ ಚಂಡಮಾರಿಗೆ ಬಲಿಯಾಗಿ ತಂದ ಅಭಯರುಚಿ, ಅಭಯಮತಿಯರ ಮಾತು ಕೇಳಿ ಮಾರಿದತ್ತ ರಾಜ ಬಲಿಯನ್ನು ಬಿಡುತ್ತಾನೆ. ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪಹಿಂಸೆಗೂ ಜನ್ಮಜನ್ಮದ ಫಲವುಂಟು ಎಂದು ಆ ಕಾವ್ಯ ಹೇಳುತ್ತದೆ. ಚಿತ್ರದ ಕಥೆ ಬೇರೆ. ಅದು ನಾರಾಯಣ ಹರಿ ಆಪ್ಟೆ ಅವರ ಮರಾಠಿ ಕಾದಂಬರಿಯಿಂದ ಬಂದದ್ದು. ಆದರೂ ಎರಡರ ಪ್ರಶ್ನೆ ಒಂದೇ: ಇನ್ನೊಂದು ಜೀವದ ರಕ್ತದಿಂದ ದೇವರಿಗೆ ತೃಪ್ತಿಯಾಗುವುದುಂಟೆ?

ರಾಜಗುರುವಾಗಿ ನಟಿಸಿದ ಚಂದ್ರಮೋಹನ್ ಅವರ ಒಂದೇ ಕಣ್ಣು ತೆರೆಯ ತುಂಬ ಕಾಣುವ ದೃಶ್ಯ ಅಂದಿನ ಪ್ರೇಕ್ಷಕರನ್ನು ಬೆಚ್ಚಿಬೀಳಿಸಿತು. ಹಿಂದಿಯಲ್ಲಿ 25 ವಾರ ಓಡಿ ರಜತ ಮಹೋತ್ಸವ ಆಚರಿಸಿದ ಮೊದಲ ಚಿತ್ರವೆಂದು ಇದು ಹೆಸರಾಗಿದೆ. ಅಹಿಂಸೆಯ ವಿಷಯ ಹೇಳಿದರೆ ಜನ ಬರುವುದಿಲ್ಲ, ಹಣ ಹುಟ್ಟುವುದಿಲ್ಲ ಎನ್ನುವವರಿಗೆ ಇದೇ ಉತ್ತರ.

ಕುಂಕು: ಮನೆಯೊಳಗಿನ ಅನ್ಯಾಯ

1937ರ 'ಕುಂಕು' (ಹಿಂದಿಯಲ್ಲಿ 'ದುನಿಯಾ ನ ಮಾನೇ') ಚಿತ್ರಕ್ಕೂ ಆಪ್ಟೆ ಅವರ ಕಾದಂಬರಿಯೇ ಆಧಾರ. ತಂದೆತಾಯಿ ಇಲ್ಲದ ನೀರಾ ಎಂಬ ಹುಡುಗಿಯನ್ನು ಬೆಳೆದ ಮಕ್ಕಳಿರುವ ವಿಧುರ ವಕೀಲನಿಗೆ ಮೋಸದಿಂದ ಮದುವೆ ಮಾಡಿಕೊಡುತ್ತಾರೆ. ಅವಳು ಅಳುತ್ತ ಕೂರುವುದಿಲ್ಲ. ಈ ಮದುವೆಯನ್ನು ತಾನು ಒಪ್ಪುವುದಿಲ್ಲವೆಂದು ಅದೇ ಮನೆಯೊಳಗೆ ನಿಂತು ಹೇಳುತ್ತಾಳೆ. ಮುದುಕನಿಗೂ ನಿಧಾನವಾಗಿ ತನ್ನ ತಪ್ಪು ಅರಿವಾಗುತ್ತದೆ. ನೀರಾ ಪಾತ್ರದಲ್ಲಿ ಶಾಂತಾ ಆಪ್ಟೆ, ವಕೀಲನಾಗಿ ಕೇಶವರಾವ್ ದಾತೆ ನಟಿಸಿದರು. ಹಿನ್ನೆಲೆ ಸಂಗೀತವನ್ನು ಬಿಟ್ಟು, ಗಡಿಯಾರದ ಸದ್ದು, ಬಾಗಿಲಿನ ಸದ್ದು ಇಂಥವನ್ನೇ ಬಳಸಿದ್ದು ಇದರ ವಿಶೇಷ.

ಇಂಥ ಮದುವೆಗಳು ಆಗ ಎಲ್ಲ ಸಮಾಜಗಳಲ್ಲೂ ನಡೆಯುತ್ತಿದ್ದವು. ವ್ಯಾಪಾರಿ ಸಮಾಜಗಳೂ ಇದಕ್ಕೆ ಹೊರತಾಗಿರಲಿಲ್ಲ. ಹಿರಿಯರ ಮಾತಿಗೆ ಎದುರಾಡಬಾರದು ಎಂಬ ಕಟ್ಟಳೆಯಲ್ಲಿ ಬೆಳೆದ ಪ್ರೇಕ್ಷಕರೇ ನೀರಾಳ ಪಕ್ಷ ವಹಿಸಿ ಹೊರಬರುವಂತೆ ಚಿತ್ರ ಮಾಡಿದ್ದರು.

1939ರ 'ಮಾಣೂಸ್' (ಹಿಂದಿಯಲ್ಲಿ 'ಆದ್ಮಿ') ಒಬ್ಬ ಪೊಲೀಸ್ ಪೇದೆ ಮತ್ತು ವೇಶ್ಯೆಯ ಕಥೆ. ಪ್ರೇಮ ಸೋತರೂ ಮನುಷ್ಯ ಬದುಕಬೇಕು, ಕರ್ತವ್ಯ ಬಿಡಬಾರದು ಎಂಬುದು ಅದರ ಮಾತು. ನಾಯಕಿ ಶಾಂತಾ ಹುಬ್ಳೀಕರ್ ಅವರು ಹುಬ್ಬಳ್ಳಿ ಸಮೀಪದ ಅದರಗುಂಚಿಯವರು. ಮುಂದೆ ಗುಬ್ಬಿ ವೀರಣ್ಣನವರ ಕನ್ನಡ ಚಿತ್ರ 'ಜೀವನ ನಾಟಕ'ದಲ್ಲೂ ನಟಿಸಿದರು.

1941ರ 'ಶೇಜಾರಿ' (ಹಿಂದಿಯಲ್ಲಿ 'ಪಡೋಸಿ') ಇಬ್ಬರು ನೆರೆಯವರ ಕಥೆ. ಒಬ್ಬ ಹಿಂದೂ, ಇನ್ನೊಬ್ಬ ಮುಸ್ಲಿಂ. ಊರಿಗೆ ಅಣೆಕಟ್ಟು ಕಟ್ಟಲು ಬಂದ ಗುತ್ತಿಗೆದಾರನಿಂದಾಗಿ ಆಪ್ತ ಗೆಳೆಯರು ದೂರವಾಗುತ್ತಾರೆ. ಹಿಂದಿಯಲ್ಲಿ ಹಿಂದೂ ಪಾತ್ರವನ್ನು ಮುಸ್ಲಿಂ ನಟ ಮಜಹರ್ ಖಾನ್ ಅವರಿಗೂ, ಮುಸ್ಲಿಂ ಪಾತ್ರವನ್ನು ಹಿಂದೂ ನಟ ಗಜಾನನ ಜಾಗೀರ್ದಾರ್ ಅವರಿಗೂ ಕೊಟ್ಟರು. ದೇಶ ಇಬ್ಭಾಗವಾಗುವ ಮಾತು ಏಳುತ್ತಿದ್ದ ಕಾಲವದು.

ಪಾಲುದಾರಿಕೆಯ ಅಂತ್ಯ ಮತ್ತು ರಾಜ್‌ಕಮಲ್

ಪಾಲುದಾರರೊಂದಿಗೆ ಭಿನ್ನಾಭಿಪ್ರಾಯ ಬೆಳೆದು 1942ರಲ್ಲಿ ಶಾಂತಾರಾಂ ಪ್ರಭಾತ್ ಬಿಟ್ಟರು. ಹದಿಮೂರು ವರ್ಷ ಐವರು ಕೂಡಿ ಬೆಳೆಸಿದ ಸಂಸ್ಥೆಯದು. ಅವರು ಹೋದ ಮೇಲೆ ಪ್ರಭಾತ್ ಮೊದಲಿನ ಸ್ಥಿತಿಗೆ ಬರಲಿಲ್ಲ. ಕೆಲ ವರ್ಷಗಳಲ್ಲಿ ಮುಚ್ಚಿತು. ಪುಣೆಯ ಅದೇ ಆವರಣದಲ್ಲಿ 1960ರಲ್ಲಿ ಸರ್ಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು.

ಶಾಂತಾರಾಂ ಅವರು ಮುಂಬಯಿಯ ಪರೇಲ್‌ನಲ್ಲಿ ವಾಡಿಯಾ ಮೂವಿಟೋನ್ ಇದ್ದ ಜಾಗದಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಅದಕ್ಕೆ ತಂದೆ ರಾಜಾರಾಮ ಮತ್ತು ತಾಯಿ ಕಮಲಾ ಅವರ ಹೆಸರು ಸೇರಿಸಿ 'ರಾಜ್‌ಕಮಲ್ ಕಲಾಮಂದಿರ' ಎಂದು ಹೆಸರಿಟ್ಟರು. ಮೊದಲ ಚಿತ್ರ 'ಶಕುಂತಲಾ' (1943) ಮುಂಬಯಿಯಲ್ಲಿ 104 ವಾರ ಓಡಿತು. ಚೀನಾಕ್ಕೆ ಹೋಗಿ ಗಾಯಾಳುಗಳ ಸೇವೆ ಮಾಡುತ್ತ ಅಲ್ಲೇ ತೀರಿಕೊಂಡ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಜೀವನವನ್ನು 1946ರಲ್ಲಿ ಚಿತ್ರ ಮಾಡಿದರು. ಡಾಕ್ಟರರ ಪಾತ್ರವನ್ನು ತಾವೇ ಮಾಡಿದರು.

ದಹೇಜ್ ಮತ್ತು ತೀನ್ ಬತ್ತಿ ಚಾರ್ ರಾಸ್ತಾ

1950ರ 'ದಹೇಜ್' ವರದಕ್ಷಿಣೆಯ ಕುರಿತು ತೆಗೆದ ಚಿತ್ರ. ಪೃಥ್ವಿರಾಜ್ ಕಪೂರ್ ತಂದೆಯಾಗಿ, ಜಯಶ್ರೀ ಮಗಳಾಗಿ, ಲಲಿತಾ ಪವಾರ್ ಅತ್ತೆಯಾಗಿ ನಟಿಸಿದರು. ಬೀಗರ ಬೇಡಿಕೆ ತೀರಿಸಲು ತಂದೆ ಇದ್ದುದೆಲ್ಲ ಮಾರಿ ಸಾಮಾನು ಹೊತ್ತು ತರುವ ಹೊತ್ತಿಗೆ ಮಗಳು ಉಳಿಯುವುದಿಲ್ಲ. ದೇಶದಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು ಇದಾಗಿ ಹನ್ನೊಂದು ವರ್ಷಕ್ಕೆ, 1961ರಲ್ಲಿ. ಕಾಯ್ದೆ ಬಂದರೂ 'ಹುಡುಗಿಗೆ ಕೊಟ್ಟದ್ದು', 'ನಮ್ಮ ಸಂತೋಷಕ್ಕೆ ಕೊಟ್ಟದ್ದು' ಎಂಬ ಹೆಸರಿನಲ್ಲಿ ಪದ್ಧತಿ ಉಳಿದಿರುವುದನ್ನು ಯಾವ ಸಮಾಜವೂ ಅಲ್ಲಗಳೆಯಲಾರದು. ಅಪರಿಗ್ರಹವನ್ನು ಅಣುವ್ರತವೆಂದು ಹೇಳುವ ಮನೆಗಳಿಗೆ ಈ ಚಿತ್ರ ಇನ್ನೂ ಹಳೆಯದಾಗಿಲ್ಲ.

1953ರ 'ತೀನ್ ಬತ್ತಿ ಚಾರ್ ರಾಸ್ತಾ' ಹೆಣ್ಣು ನೋಡುವಾಗ ಬಣ್ಣ ನೋಡುವ ಚಟದ ಮೇಲಿನದು. ಬೇರೆ ಬೇರೆ ಭಾಷೆಯ ಸೊಸೆಯರಿರುವ ಒಂದು ಮನೆ, ಒಳ್ಳೆಯ ಕಂಠವಿರುವ ಕಪ್ಪು ಬಣ್ಣದ ಹುಡುಗಿ, ಅವಳ ಹಾಡು ಕೇಳಿ ಮೆಚ್ಚಿದ ಕಿರಿಯ ಮಗ. ನಗಿಸುತ್ತಲೇ ಚುಚ್ಚುವ ಕಥೆ.

ದೋ ಆಂಖೇಂ ಬಾರಹ್ ಹಾಥ್

ಶಾಂತಾರಾಂ ಅವರ ಹೆಸರು ವಿದೇಶಗಳಲ್ಲೂ ನಿಂತಿರುವುದು 1957ರ ಈ ಚಿತ್ರದಿಂದ. ಕಥೆ ಬರೆದವರು ಗ. ದಿ. ಮಾಡಗೂಳಕರ್. ಔಂಧ್ ಸಂಸ್ಥಾನದ ಸ್ವತಂತ್ರಪುರದಲ್ಲಿ ಕೈದಿಗಳನ್ನು ಬೇಡಿ, ಗೋಡೆ ಇಲ್ಲದೆ ಬೇಸಾಯಕ್ಕೆ ಹಚ್ಚಿದ್ದ ಬಯಲು ಬಂದೀಖಾನೆಯ ಪ್ರಯೋಗ ಇದಕ್ಕೆ ಪ್ರೇರಣೆ.

ಚಿತ್ರದಲ್ಲಿ ಜೈಲರ್ ಒಬ್ಬ ಕೊಲೆಗಾರರಾದ ಆರು ಕೈದಿಗಳನ್ನು ಬರಡು ಭೂಮಿಗೆ ಕರೆದೊಯ್ದು, ದುಡಿಮೆ ಮತ್ತು ನಂಬಿಕೆಯಿಂದ ಅವರನ್ನು ಮನುಷ್ಯರನ್ನಾಗಿ ಮಾಡುತ್ತಾನೆ. ಆ ಜೈಲರ್ ಪಾತ್ರದ ಹೆಸರು ಆದಿನಾಥ. ಪಾತ್ರ ಮಾಡಿದವರು ಶಾಂತಾರಾಂ. ಕೃಷಿಯನ್ನು ಲೋಕಕ್ಕೆ ಕಲಿಸಿದವರು ಭಗವಾನ್ ಆದಿನಾಥರು ಎಂದು ನಂಬುವ ಜೈನರಿಗೆ, ನೇಗಿಲು ಹಿಡಿಸಿ ಕೈದಿಗಳನ್ನು ತಿದ್ದುವವನಿಗೆ ಈ ಹೆಸರಿರುವುದು ಕಂಡು ಸಂತೋಷವಾಗುತ್ತದೆ.

ಕೈದಿಗಳು ಬೆಳೆದ ತರಕಾರಿಯನ್ನು ಸಂತೆಯಲ್ಲಿ ಸರಿಯಾದ ಬೆಲೆಗೆ ಮಾರುತ್ತಾರೆ. ಅಲ್ಲಿಯವರೆಗೆ ಬೆಲೆ ಹಿಡಿದಿಟ್ಟಿದ್ದ ವ್ಯಾಪಾರಿಗೆ ಇದು ಸಹಿಸದು. ಅವನ ಜನ ಅವರನ್ನು ಹೊಡೆಯುತ್ತಾರೆ. ಒಡೆಯನಿಗೆ ಮಾತು ಕೊಟ್ಟ ಕೈದಿಗಳು ತಿರುಗಿ ಕೈ ಎತ್ತುವುದಿಲ್ಲ. ಕೊನೆಗೆ ಬಿಟ್ಟ ಗೂಳಿಗಳಿಂದ ಎಲ್ಲರನ್ನೂ ಉಳಿಸಲು ಹೋಗಿ ಆದಿನಾಥ ಪ್ರಾಣ ಕೊಡುತ್ತಾನೆ. ಶಕ್ತಿ ಇದ್ದೂ ಹೊಡೆಯದಿರುವುದೇ ಅಹಿಂಸೆ ಎಂಬುದನ್ನು ಆ ಸಂತೆಯ ದೃಶ್ಯ ತೋರಿಸುತ್ತದೆ. 'ಸಾವಕಾರಿ ಪಾಶ'ದ ಸಾವಕಾರ, ಈ ಚಿತ್ರದ ತರಕಾರಿ ದಲಾಲ, ಇಬ್ಬರೂ ವ್ಯಾಪಾರಸ್ಥರು. ವ್ಯಾಪಾರ ಮಾಡುವವರು ಇದನ್ನು ನಿಂದೆ ಎಂದು ತಿಳಿಯಬೇಕಿಲ್ಲ. ತಕ್ಕಡಿ ಕೈಯಲ್ಲಿರುವವನ ಹೊಣೆ ಎಷ್ಟೆಂದು ತಿಳಿದರೆ ಸಾಕು.

ಗೂಳಿಯ ದೃಶ್ಯದ ಚಿತ್ರೀಕರಣದಲ್ಲಿ ಶಾಂತಾರಾಂ ಅವರ ಕಣ್ಣಿಗೆ ನಿಜವಾಗಿಯೇ ಪೆಟ್ಟಾಗಿ, ಕೆಲಕಾಲ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಇರಬೇಕಾಯಿತು. ಗುಣವಾದ ಮೇಲೆ 'ನವರಂಗ್' (1959) ತೆಗೆದರು. 'ದೋ ಆಂಖೇಂ ಬಾರಹ್ ಹಾಥ್'ಗೆ ರಾಷ್ಟ್ರಪತಿಗಳ ಸ್ವರ್ಣಪದಕ, 1958ರ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ದೊರೆತವು.

ಸಂಸಾರ ಜೀವನ

1921ರಲ್ಲಿ ವಿಮಲಾಬಾಯಿ ಅವರನ್ನು ಮದುವೆಯಾದರು. 1941ರಲ್ಲಿ ನಟಿ ಜಯಶ್ರೀ ಅವರನ್ನು, 1956ರಲ್ಲಿ ನಟಿ ಸಂಧ್ಯಾ ಅವರನ್ನು ವಿವಾಹವಾದರು. ಜಯಶ್ರೀ ಅವರಿಂದ ವಿಚ್ಛೇದನವಾಯಿತು. ಮಗಳು ಮಧುರಾ ಅವರ ಪತಿ ಹೆಸರಾಂತ ಗಾಯಕ ಪಂಡಿತ್ ಜಸರಾಜ್. ಇನ್ನೊಬ್ಬ ಮಗಳು ರಾಜಶ್ರೀ 'ಗೀತ್ ಗಾಯಾ ಪತ್ಥರೋಂ ನೇ' (1964) ಚಿತ್ರದ ನಾಯಕಿ. ಜಿತೇಂದ್ರ ನಾಯಕರಾದದ್ದೂ ಈ ಚಿತ್ರದಿಂದಲೇ. ತೆರೆಯ ಮೇಲೆ ನೀರಾಳ ನೋವನ್ನು ಅಷ್ಟು ಚೆನ್ನಾಗಿ ಅರಿತು ತೋರಿಸಿದವರ ಸ್ವಂತ ಮನೆಯಲ್ಲಿ ಹೆಂಗಸರಿಗೆ ನೋವಿರಲಿಲ್ಲ ಎನ್ನಲಾಗದು. ಅವರ ಚಿತ್ರಗಳನ್ನು ಮೆಚ್ಚುವಾಗ ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ.

ಕೊನೆಯ ವರ್ಷಗಳು

'ಝನಕ್ ಝನಕ್ ಪಾಯಲ್ ಬಾಜೇ' (1955) ಬಣ್ಣ ಮತ್ತು ನೃತ್ಯಕ್ಕೆ ಹೆಸರಾಯಿತು. 1972ರ ಮರಾಠಿ ಚಿತ್ರ 'ಪಿಂಜರಾ' ಅವರ ಕೊನೆಯ ದೊಡ್ಡ ಯಶಸ್ಸು. ಆದರ್ಶ ಶಿಕ್ಷಕನೊಬ್ಬ ತಮಾಷಾ ಕಲಾವಿದೆಯ ಮೋಹದಲ್ಲಿ ಬೀಳುವ ಈ ಕಥೆಯಲ್ಲಿ ಡಾ. ಶ್ರೀರಾಮ ಲಾಗೂ ಮತ್ತು ಸಂಧ್ಯಾ ನಟಿಸಿದರು. ಕೊನೆಯ ಚಿತ್ರ 'ಝಂಝಾರ್' 1987ರಲ್ಲಿ ಬಂತು. ಆಗ ಅವರಿಗೆ ವಯಸ್ಸು 85 ದಾಟಿತ್ತು. 1990ರ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲಿ ನಿಧನರಾದರು. ಜನ್ಮಶತಮಾನೋತ್ಸವದ ವರ್ಷ 2001ರಲ್ಲಿ ಅಂಚೆ ಇಲಾಖೆ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು.

ಸಮಾಜ ನೆನಪಿಡಬೇಕಾದುದು

ಶಾಂತಾರಾಂ ಅವರನ್ನು 'ಜೈನ ನಿರ್ದೇಶಕ' ಎಂದು ಕರೆದು ಸುಮ್ಮನಾಗುವುದು ಸರಿಯಾಗದು. ಅವರು ತೀರ್ಥಂಕರರ ಚರಿತ್ರೆಯಿಂದ ಹೆಸರಾದವರಲ್ಲ. ಹರಿಶ್ಚಂದ್ರ, ಏಕನಾಥ, ಶಿವಾಜಿ, ಶಕುಂತಲೆಯರ ಕಥೆಗಳನ್ನು ಚಿತ್ರ ಮಾಡಿದರು. ಜೈನ ತಂದೆ, ಹಿಂದೂ ತಾಯಿ ಇಬ್ಬರ ಹೆಸರನ್ನೂ ಒಂದೇ ಫಲಕದಲ್ಲಿ ಬರೆಸಿದರು.

ಆದರೆ ಅವರ ಚಿತ್ರಗಳು ಎತ್ತಿದ ಪ್ರಶ್ನೆಗಳು ಜೈನ ಮನೆಗಳ ಪ್ರಶ್ನೆಗಳೂ ಹೌದು. ಬಲಿ ಬಿಟ್ಟ ರಾಜ, ತಿರುಗಿ ಹೊಡೆಯದ ಕೈದಿ, ಮಗಳಿಗಾಗಿ ಮನೆ ಮಾರಿದ ತಂದೆ, ಇವರ ಕಥೆಗಳನ್ನು ಹಿರಿಯರು ಕಿರಿಯರು ಒಟ್ಟಿಗೆ ಕುಳಿತು ನೋಡಬಹುದು. ಮನೆಯಲ್ಲಿ ಹೆಣ್ಣು ನೋಡುವ, ಗಂಡು ನೋಡುವ ಮಾತು ನಡೆದಿದ್ದರೆ ಮೊದಲು 'ದಹೇಜ್' ನೋಡುವುದು ಒಳ್ಳೆಯದು.